ಕೈಯಲ್ಲಿ ಗ್ರಂಥ, ಕಾಲ ಕೆಳಗೆ ಯಾರ ನೆಲ? ಬೈಬಲ್ ನಾಡಿನ ಅಧ್ಯಯನ ಪ್ರವಾಸಗಳಿಂದ ಭೀಮಾ ತೀರದವರು ತಿಳಿಯಬೇಕಾದ್ದು

ನಿಂಬರ್ಗಾ ಆಳಂದ ತಾಲ್ಲೂಕಿನ ಒಂದು ಹೋಬಳಿ ಊರು. ಇಲ್ಲಿಂದ ಜೆರುಸಲೇಮಿಗೆ ಇತಿಹಾಸ ಓದಲಿಕ್ಕೆ ಯಾರಾದರೂ ಹೋಗ್ಯಾರಾ ಅಂತ ಕೇಳಿದ್ರ ಜನ ನಗ್ತಾರ. ಆದರೂ ಈ ಲೇಖನ ಅಂಥ ಪ್ರವಾಸಗಳ ಬಗ್ಗೆನೇ. ಎರಡು-ಮೂರು ವಾರದ ‘ಬೈಬಲ್ ನಾಡಿನ ಅಧ್ಯಯನ ಪ್ರವಾಸ’ ಅಂದರೆ ಏನು, ಅದು ಹೇಗೆ ಹುಟ್ಟಿತು, ಅಲ್ಲಿ ಏನು ಕಲಿಸ್ತಾರ, ಯಾವುದನ್ನು ತೋರಿಸದೇ ಬಿಡ್ತಾರ ಅನ್ನೋದು ನಮಗೆ ಗೊತ್ತಿರಬೇಕು. ಹಳೇ ಕಲ್ಲು ಹಿಡಿದು ಹೊಸ ಜಗಳ ಹೂಡೋ ಕಾಲದಲ್ಲಿ ನಾವು ಬದುಕ್ತಿದ್ದೇವೆ. ಅಲ್ಲಿನ ನೂರೈವತ್ತು ವರ್ಷದ ಅನುಭವದಿಂದ ಆಳಂದ, ಅಫಜಲಪುರ, ಜೇವರ್ಗಿಯ ಹುಡುಗ-ಹುಡುಗಿಯರು ಕಲಿಯಬೇಕಾದ್ದು ಬಹಳ ಅದ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ತೀರ್ಥಯಾತ್ರೆ ಬೇರೆ, ಅಧ್ಯಯನ ಪ್ರವಾಸ ಬೇರೆ. ಹೈದರಾಬಾದು, ಬೆಂಗಳೂರಿನಿಂದ ಚರ್ಚುಗಳ ಮೂಲಕ ಹೊರಡುವ ‘ಹೋಲಿ ಲ್ಯಾಂಡ್ ಟೂರ್’ ಹೆಚ್ಚಾಗಿ ಯಾತ್ರೆ: ಬೇತ್ಲೆಹೇಮು, ಗಲಿಲಾಯ ಸರೋವರ, ಜೋರ್ಡಾನ್ ನದಿ, ಪ್ರಾರ್ಥನೆ, ಫೋಟೋ, ವಾಪಸ್. ನಾವು ದತ್ತನ ದರ್ಶನಕ್ಕೆ ದೇವಲ ಗಾಣಗಾಪುರಕ್ಕೆ ಹೋಗಿ ಬರ್ತೀವಲ್ಲ, ಹಂಗ. ಅದರಲ್ಲಿ ತಪ್ಪೇನಿಲ್ಲ. ಪಕ್ಕದ ಆಂಧ್ರಪ್ರದೇಶ ಸರ್ಕಾರ ಇಂಥ ಯಾತ್ರೆಗೆ ಹೋಗುವ ಬಡ ಕ್ರೈಸ್ತರಿಗೆ ಹಣ ಕೊಡುತ್ತಾ ಬಂದಿದೆ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇದ್ದವರಿಗೆ ಕೊಡೋ ನೆರವನ್ನು 2019ರಲ್ಲಿ 40,000ದಿಂದ 60,000 ರೂಪಾಯಿಗೆ ಏರಿಸಿತು.

ಅಧ್ಯಯನ ಪ್ರವಾಸದಲ್ಲಿ ಪರೀಕ್ಷೆ ಇರುತ್ತೆ. 1957ರಲ್ಲಿ ಶುರುವಾದ, ಈಗ ಜೆರುಸಲೇಮಿನ ಸಿಯೋನ್ ಗುಡ್ಡದ ಮೇಲಿರುವ, ಜೆರುಸಲೇಮ್ ಯೂನಿವರ್ಸಿಟಿ ಕಾಲೇಜ್ ಅಂತ ಕರೆಸಿಕೊಳ್ಳುವ ಸಂಸ್ಥೆಯ ಅಲ್ಪಾವಧಿ ಕೋರ್ಸುಗಳು ಇದಕ್ಕೆ ಒಳ್ಳೆ ಉದಾಹರಣೆ. ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ನಕ್ಷೆ ಮೇಲೆ ಗುರುತು ಹಾಕೋ ಹೋಂವರ್ಕು ಮುಗಿಸಿರಬೇಕು: ಕಣಿವೆ ಎಲ್ಲಿ, ದಾರಿ ಎಲ್ಲಿ, ನೀರಿನ ಊಟೆ ಎಲ್ಲಿ, ಯಾವ ಊರನ್ನು ಯಾರು ಯಾಕೆ ಹಿಡಿದರು. ಅಲ್ಲಿ ಇಳಿದ ಮೇಲೆ ದಿನವಿಡೀ ನಡಿಗೆ. ಗುಡ್ಡದ ತುದಿಗೆ ಹತ್ತಿ ಮೇಷ್ಟ್ರು ‘ಈ ಬಯಲಿನಲ್ಲಿ ರಥ ಓಡುತ್ತೆ, ಆ ಗುಡ್ಡದಲ್ಲಿ ಓಡಲ್ಲ, ಅದಕ್ಕೇ ಯುದ್ಧ ಇಲ್ಲಿ ನಡೀತು’ ಅಂತ ಹೇಳ್ತಾರ. ಭೂಗೋಳದಿಂದ ಇತಿಹಾಸ ಓದುವ ಈ ಕ್ರಮ ನಿಜಕ್ಕೂ ಚೆನ್ನಾಗಿದೆ. ನಾನು ಓದಿದ ಕಾಲೇಜಿನಲ್ಲಿ ಇತಿಹಾಸದ ಟೂರ್ ಅಂದ್ರ ಮೈಸೂರು, ಊಟಿ. ಬಸ್ಸಿನಲ್ಲಿ ಹಾಡು, ಅರಮನೆ ಮುಂದೆ ಗ್ರೂಪ್ ಫೋಟೋ.

ಇನ್ನೊಂದು ಬಗೆ ಉತ್ಖನನ ಶಿಬಿರ. ಬೇಸಿಗೆಯಲ್ಲಿ ಕೆಲವು ವಾರ, ಸ್ವಂತ ಖರ್ಚಿನಲ್ಲಿ ಬಂದ ವಿದ್ಯಾರ್ಥಿಗಳು ನಸುಕಿನಲ್ಲೇ ಎದ್ದು ಮಣ್ಣು ತೆಗೀತಾರ, ಬಿಸಿಲೇರಿದ ಮೇಲೆ ಮಡಕೆ ಚೂರು ತೊಳೀತಾರ, ಸಂಜೆಗೆ ಪಾಠ ಕೇಳ್ತಾರ. ಇದನ್ನು ಜಗತ್ತಿಗೆಲ್ಲ ಪರಿಚಯ ಮಾಡಿಕೊಟ್ಟದ್ದು ಇಸ್ರೇಲಿನ ಸೇನಾ ಮುಖ್ಯಸ್ಥನಾಗಿದ್ದು ಆಮೇಲೆ ಪುರಾತತ್ವಜ್ಞನಾದ ಯಿಗಾಯೆಲ್ ಯಾದಿನ್, 1963ರಿಂದ 65ರವರೆಗೆ ಮೃತ ಸಮುದ್ರದ ದಂಡೆಯ ಮಸಾದಾ ಕೋಟೆಯಲ್ಲಿ. ದೇಶ ದೇಶಗಳಿಂದ ಸ್ವಯಂಸೇವಕರು ಬಂದರು. ರೋಮನ್ನರಿಗೆ ಶರಣಾಗದೆ ಯಹೂದಿ ಹೋರಾಟಗಾರರು ಸಾಮೂಹಿಕವಾಗಿ ಪ್ರಾಣ ಬಿಟ್ಟ ಜಾಗ ಅಂತ ಅದು ರಾಷ್ಟ್ರದ ಸಂಕೇತವಾಯ್ತು, ಸೈನಿಕರು ಅಲ್ಲಿ ಪ್ರಮಾಣವಚನ ತಗೊಂಡರು. ಆದರೆ ಆ ಕಥೆಗೆ ಮೂಲ ಜೋಸೆಫಸ್ ಎಂಬ ಒಬ್ಬನೇ ಪ್ರಾಚೀನ ಲೇಖಕ. 1995ರಲ್ಲಿ ಇಸ್ರೇಲಿನವರೇ ಆದ ಸಮಾಜಶಾಸ್ತ್ರಜ್ಞ ನಖ್ಮನ್ ಬೆನ್-ಯೆಹುದಾ ಒಂದು ಪುಸ್ತಕ ಬರೆದು, ಜೋಸೆಫಸ್ ಹೇಳಿದ್ದರಲ್ಲಿ ಬೇಕಾದ್ದನ್ನು ಉಳಿಸಿ ಬೇಡಾದ್ದನ್ನು ಬಿಟ್ಟು ಈ ವೀರಗಾಥೆಯನ್ನು ಹೇಗೆ ಕಟ್ಟಲಾಯ್ತು ಅಂತ ತೋರಿಸಿದರು.

ನಕ್ಷೆ ಬರೆದವರು ಯಾರು?

ಈ ಪ್ರವಾಸಗಳ ಹುಟ್ಟು ಗೊತ್ತಾದರೆ ಅರ್ಧ ರಾಜಕೀಯ ಗೊತ್ತಾಗುತ್ತೆ. 1838ರಲ್ಲಿ ಎಡ್ವರ್ಡ್ ರಾಬಿನ್ಸನ್ ಎಂಬ ಅಮೆರಿಕದ ವಿದ್ವಾಂಸ, ಅರಬ್ಬಿ ಬಲ್ಲ ಪಾದ್ರಿ ಎಲೈ ಸ್ಮಿತ್ ಜೊತೆಗೂಡಿ ಪ್ಯಾಲೆಸ್ಟೈನ್ ಸುತ್ತಿದ. ಕೈಯಲ್ಲಿ ಬೈಬಲ್, ದಿಕ್ಸೂಚಿ. ಬೈಬಲಿನ ಊರುಗಳನ್ನು ಆತ ಪತ್ತೆ ಹಚ್ಚಿದ್ದು ಅಲ್ಲಿನ ರೈತರ ಬಾಯಿಂದ. ಬೈತಿನ್ ಅನ್ನೋ ಹಳ್ಳಿ ಬೇತೇಲ್, ಅಲ್-ಜೀಬ್ ಅಂದರೆ ಗಿಬ್ಯೋನ್, ಸೈಲೂನ್ ಅಂದರೆ ಶೀಲೋ, ಅನಾತಾ ಅಂದರೆ ಅನಾತೋತ್. ಗ್ರಂಥದ ಹೆಸರುಗಳನ್ನು ಎರಡು ಸಾವಿರ ವರ್ಷ ನಾಲಿಗೆ ಮೇಲೆ ಉಳಿಸಿಕೊಂಡವರು ಅರಬ್ಬಿ ಮಾತಾಡುವ ಹಳ್ಳಿಗರು. ಆದರೆ ನಂತರ ಬಂದ ಪುಸ್ತಕಗಳಲ್ಲಿ ಆ ಹಳ್ಳಿಗರು ದೃಶ್ಯದ ಅಂಚಿನಲ್ಲಿ ಕತ್ತೆ ಹಿಡಿದು ನಿಂತವರಷ್ಟೇ.

1865ರಲ್ಲಿ ಲಂಡನ್ನಿನಲ್ಲಿ ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಶನ್ ಫಂಡ್ ಹುಟ್ಟಿತು. 1869ರಲ್ಲಿ ಥಾಮಸ್ ಕುಕ್ ತನ್ನ ಮೊದಲ ಪ್ರವಾಸಿ ತಂಡವನ್ನು ಆ ಕಡೆ ಕರೆದೊಯ್ದ. 1870ರ ದಶಕದಲ್ಲಿ ಆ ಫಂಡಿನ ಪರವಾಗಿ ಇಡೀ ಪಶ್ಚಿಮ ಪ್ಯಾಲೆಸ್ಟೈನನ್ನು ಅಳೆದವರು ಬ್ರಿಟಿಷ್ ಸೈನ್ಯದ ಎಂಜಿನಿಯರುಗಳಾದ ಕಾಂಡರ್ ಮತ್ತು ಕಿಚನರ್. ಹೌದು, ಮುಂದೆ ಭಾರತದಲ್ಲಿ ಬ್ರಿಟಿಷ್ ಸೇನಾಧಿಪತಿಯಾದ ಅದೇ ಕಿಚನರ್. 1914ರ ಆರಂಭದಲ್ಲಿ ಇದೇ ಸಂಸ್ಥೆಯ ಹೆಸರಿನಲ್ಲಿ ಲಿಯೊನಾರ್ಡ್ ವುಲ್ಲಿ ಮತ್ತು ಟಿ.ಇ. ಲಾರೆನ್ಸ್ ನೆಗೆವ್ ಮರುಭೂಮಿಯಲ್ಲಿ ಬೈಬಲಿನ ‘ಚಿನ್ ಅರಣ್ಯ’ ಹುಡುಕಿದರು. ಅದರ ಮರೆಯಲ್ಲಿ ಸೈನ್ಯಕ್ಕೆ ಬೇಕಾದ ನಕ್ಷೆ ತಯಾರಾಯ್ತು. ಮುಂದೆ ಆ ದಾರಿಗುಂಟ ಸೈನ್ಯ ಹೋಯ್ತು.

ಆ ಸೈನ್ಯದಲ್ಲಿ ನಮ್ಮವರೂ ಇದ್ದರು, ಇದನ್ನು ಮರೀಬಾರದು. 23 ಸೆಪ್ಟೆಂಬರ್ 1918ರಂದು ಕರ್ಮೆಲ್ ಬೆಟ್ಟದ ಬುಡದ ಹೈಫಾ ಪಟ್ಟಣವನ್ನು ಕುದುರೆ ಮೇಲೆ ನುಗ್ಗಿ ಹಿಡಿದದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಅದೇ ಬ್ರಿಗೇಡಿನ ಮೂರನೇ ದಳ ಹೈದರಾಬಾದ್ ಲ್ಯಾನ್ಸರ್ಸ್, ಅಂದರೆ ಆಗ ಕಲಬುರಗಿ ಸೀಮೆಯನ್ನು ಆಳುತ್ತಿದ್ದ ನಿಜಾಮರ ಪಡೆ. ಆ ಇಡೀ ಕಾರ್ಯಾಚರಣೆಗೆ ಬ್ರಿಟಿಷರು ಇಟ್ಟ ಹೆಸರು ಮೆಗಿದ್ದೋ ಯುದ್ಧ, ಬೈಬಲಿನ ಪ್ರಕಾರ ಕೊನೇ ಯುದ್ಧ ನಡೆಯಬೇಕಾದ ಜಾಗ. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂರು ಕಂಚಿನ ಸೈನಿಕರು ಈ ಮೂರು ಸಂಸ್ಥಾನಗಳವರು. ಕರ್ನಾಟಕದ ಜನ ಗುಂಪಾಗಿ ಬೈಬಲ್ ನಾಡಿಗೆ ಹೋದದ್ದು ಓದಲಿಕ್ಕಲ್ಲ, ಇನ್ನೊಬ್ಬರ ಸಾಮ್ರಾಜ್ಯಕ್ಕಾಗಿ ಕಾದಾಡಲಿಕ್ಕೆ.

ಗ್ರಂಥ ಮೊದಲೋ, ಗುದ್ದಲಿ ಮೊದಲೋ

ಅಧ್ಯಯನ ಪ್ರವಾಸದ ಅಸಲಿ ಪಾಠ ಇರೋದು ಇಲ್ಲಿ. ಬೈಬಲಿನ ‘ಅರಸುಗಳು’ ಗ್ರಂಥದಲ್ಲಿ ಸೊಲೊಮೋನ ರಾಜ ಹಾಚೋರ್, ಮೆಗಿದ್ದೋ, ಗೆಜೆರ್ ಊರುಗಳನ್ನು ಕಟ್ಟಿಸಿದ ಅಂತ ಒಂದು ಮಾತಿದೆ. ಯಾದಿನ್ ಈ ಮೂರೂ ಊರಲ್ಲಿ ಒಂದೇ ನಮೂನೆಯ ಅಗಸಿ ಬಾಗಿಲು ಕಂಡು, ಇವು ಸೊಲೊಮೋನನವೇ ಅಂದ. ದಶಕಗಳ ಕಾಲ ಪ್ರವಾಸಿಗಳಿಗೆ ಹಂಗೇ ಹೇಳಲಾಯ್ತು. 1990ರ ದಶಕದಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಇಸ್ರೇಲ್ ಫಿಂಕೆಲ್‌ಸ್ಟೈನ್, ಅಲ್ಲಿ ಸಿಕ್ಕ ಮಡಕೆಗಳ ಆಧಾರದ ಮೇಲೆ, ಈ ಕಟ್ಟಡಗಳು ಸುಮಾರು ನೂರು ವರ್ಷ ಈಚಿನವು ಅಂತ ವಾದಿಸಿದರು. ಅಂದರೆ ಸೊಲೊಮೋನನ ಕಾಲ ದಾಟಿ ಉತ್ತರದ ಇಸ್ರೇಲ್ ರಾಜ್ಯದ ಕಾಲ. ವಾದ ಇನ್ನೂ ಮುಗಿದಿಲ್ಲ. ಮುಗಿಯದ ವಾದವನ್ನು ವಿದ್ಯಾರ್ಥಿ ಮುಂದೆ ಇಡೋ ಪ್ರವಾಸ ಒಳ್ಳೇದು. ‘ಇದು ಸೊಲೊಮೋನನ ಬಾಗಿಲು, ಬನ್ನಿ ಮುಂದೆ’ ಅನ್ನೋ ಪ್ರವಾಸ ಬರೀ ಬಸ್ ಸವಾರಿ.

ಯೆರಿಕೋ ಊರಿನ ಕಥೆ ಇನ್ನೂ ಚುರುಕಾಗಿದೆ. ಯೆಹೋಶುವನ ತುತ್ತೂರಿಗೆ ಬಿದ್ದ ಗೋಡೆ ಇದೇ ಅಂತ ಮೊದಲು ಅಗೆದವರು ಸಾರಿದ್ದರು. 1952ರಿಂದ 58ರವರೆಗೆ ಕ್ಯಾಥ್ಲೀನ್ ಕೆನ್ಯನ್ ಅನ್ನೋ ಬ್ರಿಟಿಷ್ ಮಹಿಳೆ ಪದರ ಪದರವಾಗಿ, ಗೋಡೆಗೂ ಮಣ್ಣಿಗೂ ಇರೋ ಸಂಬಂಧ ನೋಡಿಕೊಂಡು ಅಗೆದರು. ಆ ಗೋಡೆಗಳು ಯೆಹೋಶುವನಿಗೆ ಹೇಳುವ ಕಾಲಕ್ಕಿಂತ ಶತಮಾನಗಳಷ್ಟು ಹಳೇವು, ಆತನ ಕಾಲಕ್ಕೆ ಅಲ್ಲಿ ಹೇಳಿಕೊಳ್ಳುವಂಥ ಕೋಟೆ ಊರೇ ಇರಲಿಲ್ಲ ಅಂತ ಅವರಿಗೆ ಕಂಡಿತು. ಬದಲಿಗೆ ಸಿಕ್ಕದ್ದು ಸುಮಾರು ಹತ್ತು ಸಾವಿರ ವರ್ಷ ಹಿಂದಿನ ಕಲ್ಲಿನ ಬುರುಜು. ಯಾವ ಗ್ರಂಥದಲ್ಲೂ ಇಲ್ಲದ್ದು. ಹಾಗಂತ ಮಣ್ಣು ಯಾವಾಗಲೂ ಗ್ರಂಥದ ವಿರುದ್ಧವೇ ನಿಲ್ಲುತ್ತೆ ಅಂತಲ್ಲ. 1993ರಲ್ಲಿ ತೆಲ್ ದಾನ್‌ನಲ್ಲಿ ಸಿಕ್ಕ ಅರಾಮಿಕ್ ಶಾಸನದಲ್ಲಿ ‘ದಾವೀದನ ಮನೆತನ’ ಎಂಬ ಮಾತು ಬಂದಾಗ, ದಾವೀದ ಬರೀ ಕಟ್ಟುಕತೆ ಅನ್ನುತ್ತಿದ್ದವರು ಸುಮ್ಮನಾಗಬೇಕಾಯ್ತು.

ಈಗ ನೆಲದ ಮೇಲಿನ ಜನರಿಗೆ ಬರೋಣ. ಪೂರ್ವ ಜೆರುಸಲೇಮಿನ ಸಿಲ್ವಾನ್ ಪ್ಯಾಲೆಸ್ಟೀನಿಯರ ಬಡಾವಣೆ. ಅಲ್ಲಿನ ‘ದಾವೀದನ ಪಟ್ಟಣ’ ಪುರಾತತ್ವ ಉದ್ಯಾನ ನಡೆಸೋದು ಎಲಾದ್ ಎಂಬ ಸಂಸ್ಥೆ; ಆ ಬಡಾವಣೆಯಲ್ಲಿ ಯಹೂದಿ ಕುಟುಂಬಗಳನ್ನು ನೆಲೆಗೊಳಿಸೋದೂ ಅದರ ಕೆಲಸವೇ. ಪ್ರವಾಸಿಗಳು ಸುರಂಗದಲ್ಲಿ ಮೂರು ಸಾವಿರ ವರ್ಷ ಹಿಂದಕ್ಕೆ ನಡೀತಾರ, ಮೇಲೆ ಇರುವ ಮನೆಗಳ ಗೋಡೆ ಬಿರುಕು ಬಿಟ್ಟಿದೆ ಅಂತ ನಿವಾಸಿಗಳು ದೂರ್ತಾರ. ಇದನ್ನು ವಿರೋಧಿಸುವ ಇಸ್ರೇಲಿ ಪುರಾತತ್ವಜ್ಞರೂ ಇದ್ದಾರ. ಅವರ ‘ಎಮೆಕ್ ಶವೆಹ್’ ಸಂಘ ಅದೇ ಜಾಗಕ್ಕೆ ಬೇರೆ ಥರದ ಪ್ರವಾಸ ಕರ್ಕೊಂಡು ಹೋಗ್ತದ. ಬೇತ್ಲೆಹೇಮಿನಿಂದ ಜೆರುಸಲೇಮಿಗೆ ಹತ್ತು ಕಿಲೋಮೀಟರೂ ಇಲ್ಲ. ಹೊರದೇಶದ ವಿದ್ಯಾರ್ಥಿ ಬಸ್ಸಿನಲ್ಲಿ ಕೂತು ದಾಟ್ತಾನ, ಬೇತ್ಲೆಹೇಮಿನ ಪ್ಯಾಲೆಸ್ಟೀನಿ ವಿದ್ಯಾರ್ಥಿಗೆ ಸೈನ್ಯದ ಪರವಾನಗಿ ಬೇಕು. ಅಕ್ಟೋಬರ್ 2023ರ ನಂತರ ಬಹಳಷ್ಟು ಪ್ರವಾಸ, ಉತ್ಖನನ ರದ್ದಾದವು. ಗಾಜಾದ ಸಂತ ಪೊರ್ಫೀರಿಯಸ್ ಚರ್ಚಿನ ಆವರಣದ ಮೇಲೆ ಅದೇ ತಿಂಗಳು ಬಾಂಬು ಬಿತ್ತು, ಒಳಗೆ ಆಶ್ರಯ ಪಡೆದವರು ಸತ್ತರು. ಜುಲೈ 2024ರಲ್ಲಿ ಯುನೆಸ್ಕೊ ಗಾಜಾದ ಸಂತ ಹಿಲೇರಿಯನ್ ಮಠದ ಅವಶೇಷಗಳನ್ನು ವಿಶ್ವ ಪರಂಪರೆ ಪಟ್ಟಿಗೂ, ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಒಟ್ಟಿಗೇ ಸೇರಿಸಿತು. ಪುರಾತನ ಕ್ರೈಸ್ತ ನೆಲ ನೋಡಲಿಕ್ಕೆ ಹೋಗೋ ಎಷ್ಟು ಜನ ಇವತ್ತಿನ ಪ್ಯಾಲೆಸ್ಟೈನ್ ಕ್ರೈಸ್ತರನ್ನು ಮಾತಾಡಿಸ್ತಾರ ಅನ್ನೋದು ನನ್ನ ತಕರಾರು.

ನಮ್ಮ ದಂಡಿಯ ಕಲ್ಲುಗಳು

ಈ ಎಲ್ಲ ಪ್ರಶ್ನೆ ಹೊತ್ತುಕೊಂಡು ಈಗ ಭೀಮಾ ದಂಡಿಗೆ ಬರ್ರಿ. ಅಫಜಲಪುರ, ಜೇವರ್ಗಿ ದಾಟಿ ಹರಿದ ನದಿ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬರ್ತದ. ಅಲ್ಲಿ ಚಂದ್ರಲಾಂಬಾ ಗುಡಿ. 1980ರ ದಶಕದಲ್ಲಿ ಆ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದು ಬಿದ್ದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ. ಒಂದು ಬದಿಗೆ ಹನ್ನೆರಡನೇ ಮತ್ತು ಹದಿನಾಲ್ಕನೇ ಶಿಲಾಶಾಸನ, ಇನ್ನೊಂದು ಬದಿಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಇರುವಂಥ ಎರಡು ಪ್ರತ್ಯೇಕ ಶಾಸನ. ಮೂರ್ತಿ ಕೂರಿಸಲಿಕ್ಕೆ ಯಾರೋ ಕಲ್ಲಿನ ನಡುವೆ ತೂತು ಕೊರೆದದ್ದರಿಂದ ಕೆಲವು ಅಕ್ಷರ ಹೋಗಿವೆ.

ಹನ್ನೆರಡನೇ ಶಾಸನ ಏನು ಹೇಳುತ್ತೆ ಗೊತ್ತೇನ್ರಿ? ತನ್ನ ಪಂಥವನ್ನು ಹೊಗಳೋ ಭರದಲ್ಲಿ ಇನ್ನೊಬ್ಬರ ಪಂಥವನ್ನು ಹಳಿಯಬೇಡ, ಮಾತಿನ ಮೇಲೆ ಹಿಡಿತ ಇರಲಿ, ಹಂಗ ಹಳಿಯೋನು ತನ್ನ ಪಂಥಕ್ಕೇ ಕೆಡುಕು ಮಾಡ್ತಾನ ಅನ್ನೋದು ಅದರ ಸಾರ. ಈ ಮಾತು ಒಬ್ಬ ದೇವಿಯ ಪಾದದ ಕೆಳಗೆ ಶತಮಾನಗಟ್ಟಲೆ ಮಲಗಿತ್ತು. ಇದನ್ನು ಕಂಡು ಒಬ್ಬರು ‘ಬೌದ್ಧರ ಕಲ್ಲು ಕಿತ್ತು ಗುಡಿ ಕಟ್ಟಿದರು’ ಅನ್ನಬಹುದು. ಇನ್ನೊಬ್ಬರು ‘ದೇವಿಯೇ ಅದನ್ನು ಕಾಪಾಡಿದಳು’ ಅನ್ನಬಹುದು. ಕಲ್ಲು ಎರಡನ್ನೂ ಹೇಳಲ್ಲ. ಅದು ಹೇಳೋದು: ಇಲ್ಲಿ ಮೊದಲು ಒಂದು ಶಾಸನ ಇತ್ತು, ಆಮೇಲೆ ಅದನ್ನು ಓದಬಲ್ಲವರು ಇಲ್ಲದಾದರು, ಆಮೇಲೆ ಅದು ಬರೀ ಒಳ್ಳೇ ಚಪ್ಪಡಿ ಆಯ್ತು. ಮೆಗಿದ್ದೋ ಬಾಗಿಲಿನ ಮುಂದೆ ಕಲಿಯಬೇಕಾದ್ದೂ ಇದನ್ನೇ.

ಬೈಬಲ್ ನಾಡಿಗೂ ಈ ಅಶೋಕನಿಗೂ ನೇರ ನಂಟು ಇದೆ. ಆತನ ಹದಿಮೂರನೇ ಶಿಲಾಶಾಸನ ಸನ್ನತಿ ಚಪ್ಪಡಿಯಲ್ಲಿ ಇಲ್ಲ, ಬೇರೆ ಕಡೆ ಇದೆ. ಅದರಲ್ಲಿ ಐದು ಯವನ ರಾಜರ ಹೆಸರು ಬರ್ತಾವ. ಮೊದಲನೆಯವ ಸಿರಿಯಾದ ಅಂತಿಯೋಕ, ಇನ್ನೊಬ್ಬ ಈಜಿಪ್ಟಿನ ತುರಮಾಯ, ಅಂದರೆ ಎರಡನೇ ಟಾಲೆಮಿ. ಕ್ರಿ.ಪೂ. 3ನೇ ಶತಮಾನದ ಆ ಹೊತ್ತಿಗೆ ಜೆರುಸಲೇಮು ಟಾಲೆಮಿಯ ಆಳ್ವಿಕೆಯಲ್ಲೇ ಇತ್ತು. ಹೀಬ್ರೂ ಧರ್ಮಗ್ರಂಥ ಗ್ರೀಕಿಗೆ ಅನುವಾದ ಆಗಲಿಕ್ಕೆ ಶುರುವಾದದ್ದೂ ಅವನ ಕಾಲದಲ್ಲೇ ಅಂತ ಪರಂಪರೆ ಹೇಳುತ್ತೆ. ಭೀಮಾ ದಂಡಿಗೆ ಶಾಸನ ಕಳಿಸಿದ ದೊರೆಗೆ ಜೆರುಸಲೇಮಿನ ಒಡೆಯ ಯಾರು ಅಂತ ಗೊತ್ತಿತ್ತು.

ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಅಗೆದಾಗ ಮಹಾಸ್ತೂಪ ಸಿಕ್ಕಿತು. ಅಲ್ಲಿನ ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಒಂದು ಫಲಕದಲ್ಲಿ ರಾಜ, ರಾಣಿ, ಚಾಮರ-ಛತ್ರ ಹಿಡಿದ ಹೆಣ್ಣುಮಕ್ಕಳು, ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೊ’. ಹೆಸರು ಬರೆದ ಅಶೋಕನ ಶಿಲ್ಪ ಅಂದರೆ ಇದು. ಸಾತವಾಹನ ರಾಜರ ಹೆಸರು ಕೊರೆದ ಫಲಕಗಳೂ ಇವೆ. ಇಂಥದ್ದು ಬೇರೆ ದೇಶದಲ್ಲಿ ಸಿಕ್ಕಿದ್ದರೆ ಮರುವರ್ಷವೇ ಮ್ಯೂಸಿಯಂ ಎದ್ದಿರೋದು. ಇಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಲ್ಲುಗಳು ಬಯಲಿನಲ್ಲಿ, ಶೆಡ್ಡಿನಲ್ಲಿ ಬಿದ್ದಿದ್ದವು. ಸಂರಕ್ಷಣೆ ಕೆಲಸ ಶುರುವಾದದ್ದು 2022ರಲ್ಲಿ.

ಜೇವರ್ಗಿಯವರಿಗೆ ಇನ್ನೊಂದು ವಿಷಯ. 1841ರಿಂದ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಜೇವರ್ಗಿ ಸುತ್ತ ಮತ್ತು ಈಗಿನ ಯಾದಗಿರಿ ಜಿಲ್ಲೆಯ ರಾಜನಕೋಳೂರಿನಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ನೋಡಿ, ಕೆಲವನ್ನು ಅಗೆದು, ಪದರಗಳ ಚಿತ್ರವನ್ನೂ ಬರೆದ. ಆ ಕಾಲಕ್ಕೆ ಬಹಳ ಮುಂದುವರಿದ ಕೆಲಸ. ಆದರೆ 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗಾಗಿ ಬರೆದಾಗ ಶೀರ್ಷಿಕೆಯಲ್ಲೇ ಇವು ‘ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್’ ಸ್ಮಾರಕಗಳು ಅಂದ. ಕಣ್ಣು ಜೇವರ್ಗಿಯನ್ನು ನೋಡ್ತಿತ್ತು, ತಲೆಯಲ್ಲಿ ಐರ್ಲೆಂಡ್ ಇತ್ತು. ರಾಬಿನ್ಸನ್ ಕೈಯಲ್ಲಿ ಬೈಬಲ್ ಇದ್ದಹಂಗ.

ಅದೇ ಚಿತ್ತಾಪುರದ ಹತ್ತಿರ ನಾಗಾವಿ, 1058ರ ಶಾಸನದಲ್ಲಿ 252 ವಿದ್ಯಾರ್ಥಿಗಳು, 6 ಮಂದಿ ಸರಸ್ವತಿ ಭಂಡಾರಿಗರು, ಅಂದರೆ ಗ್ರಂಥಪಾಲಕರು ಇದ್ದ ಘಟಿಕಾಸ್ಥಾನ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಗೆ ಮಳಖೇಡ, ಅಮೋಘವರ್ಷನ ಮಾನ್ಯಖೇಟ. 972ರಲ್ಲಿ ಪರಮಾರರು ಅದನ್ನು ಲೂಟಿ ಮಾಡಿದರು. ಜೈನ ದೊರೆಯ ಆಶ್ರಯದ ಊರನ್ನು ಕೊಳ್ಳೆ ಹೊಡೆದವನು ಶೈವ ವಂಶದ ರಾಜ ಅನ್ನೋದನ್ನು ಇವತ್ತಿನ ಧರ್ಮದ ಲೆಕ್ಕಕ್ಕೆ ಯಾರೂ ಹಿಡಿಯಲ್ಲ. ಎಲ್ಲ ಲೂಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗೋ ಅಭ್ಯಾಸ ನಮಗಿಲ್ಲ.

ಇದು ದೂರದ ಮಾತಲ್ಲ. ಆಳಂದದ ಲಾಡ್ಲೆ ಮಶಾಯಕ್ ದರ್ಗಾದ ಆವರಣದಲ್ಲೇ ರಾಘವ ಚೈತನ್ಯರ ಶಿವಲಿಂಗ ಇದೆ. 2022ರ ಶಿವರಾತ್ರಿಗೆ ಊರಲ್ಲಿ ಗಲಾಟೆ, ನಿಷೇಧಾಜ್ಞೆ. ಅಲ್ಲಿಂದ ಈಚೆಗೆ ಹಬ್ಬ ಬಂದ್ರ ಕೋರ್ಟು, ಪೊಲೀಸ್ ಬಂದೋಬಸ್ತು. ಆ ಜಾಗದ ಬಗ್ಗೆ ಎರಡೂ ಕಡೆಯವರು ವಾಟ್ಸಾಪಿನಲ್ಲಿ ಕಳಿಸೋ ‘ಇತಿಹಾಸ’ ನನ್ನ ಫೋನಿಗೂ ಬರ್ತದ. ಆ ಸಂದೇಶ ಕಳಿಸೋ ಹುಡುಗರಲ್ಲಿ ಸನ್ನತಿ ನೋಡಿದವರು ನನಗೆ ಒಬ್ಬರೂ ಸಿಕ್ಕಿಲ್ಲ.

ಹಾಗಾದರೆ ಹೊರಡೋದು ಹೇಗೆ?

ಜೆರುಸಲೇಮಿನ ಮೂರು ವಾರಕ್ಕೆ ಲಕ್ಷಗಟ್ಟಲೆ ಬೇಕು. ಭೀಮಾ ದಂಡಿಯ ಹತ್ತು ದಿನಕ್ಕೆ ಬಸ್ ಚಾರ್ಜು, ಬುತ್ತಿ, ಒಂದು ಗುಡಿಯ ಅಥವಾ ಶಾಲೆಯ ಪಡಸಾಲೆ ಸಾಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ, 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ 5,000 ಕೋಟಿ ಘೋಷಣೆ ಆಯ್ತು. ಪದವಿ ವಿದ್ಯಾರ್ಥಿಗಳಿಗೆ ಅಂಕ ಸಿಗುವ ಹತ್ತು ದಿನದ ಕ್ಷೇತ್ರ ಅಧ್ಯಯನಕ್ಕೆ ಅದರಲ್ಲಿ ಪಾಲು ಕೇಳೋದು ದೊಡ್ಡ ಬೇಡಿಕೆ ಅಲ್ಲ. ಕೇಳಬೇಕಾದವರು ನಾವೇ.

ಕೆಲವು ಕಟ್ಟುಪಾಡು ಮೊದಲೇ ಗೊತ್ತಿರಲಿ. ಇಸ್ರೇಲಿನ ಶಿಬಿರದಂತೆ ಇಲ್ಲಿ ಗುದ್ದಲಿ ಹಿಡಿಯೋ ಹಾಗಿಲ್ಲ. ಉತ್ಖನನಕ್ಕೆ ಪುರಾತತ್ವ ಸರ್ವೇಕ್ಷಣೆಯ ಲೈಸೆನ್ಸ್ ಬೇಕು. ನೆಲದ ಮೇಲೆ ಬಿದ್ದ ಚೂರನ್ನು ನೋಡ್ರಿ, ಫೋಟೋ ತಗೋರಿ, ಅಲ್ಲೇ ಬಿಡ್ರಿ. ಜೇಬಿಗೆ ಹಾಕಿದ ಚೂರು ಬರೀ ಚೂರು, ಬಿದ್ದ ಜಾಗದಲ್ಲಿ ಇದ್ದರಷ್ಟೇ ಅದು ಸಾಕ್ಷಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ಕಾನೂನು ಹೇಳುತ್ತೆ. ಅದರೊಳಗೆ ಬಂದ ಮನೆಯವರಿಗೆ ಒಂದು ಕೋಣೆ ಕಟ್ಟೋದೂ ತ್ರಾಸ. ಸ್ಮಾರಕದ ಹೆಮ್ಮೆ ರಾಜ್ಯಕ್ಕೆ, ಅದರ ತ್ರಾಸು ಪಕ್ಕದ ಮನಿಗೆ. ಅದಕ್ಕೇ ನಾನು ಹೇಳೋದು, ಮೊದಲನೇ ದಿನ ಕಲ್ಲು ನೋಡಬೇಡ್ರಿ, ಪಕ್ಕದ ಮನೆಯವರ ಹತ್ತಿರ ಕೂಡ್ರಿ. ಹೊಲಕ್ಕೆ, ಹಳ್ಳಕ್ಕೆ, ದಿಬ್ಬಕ್ಕೆ ಅವರು ಏನಂತ ಕರೀತಾರ ಬರ್ಕೊಳ್ರಿ. ರಾಬಿನ್ಸನ್ ಮಾಡಿದ್ದು ಅದನ್ನೇ. ಹೇಳಿದವರ ಹೆಸರನ್ನೂ ನೀವು ಅವರನ್ನು ಕೇಳಿ ಬರ್ಕೊಳ್ರಿ.

ಹೋಗೋದಾದ್ರ ತೊಗರಿ ರಾಶಿ ಮುಗಿದ ಮೇಲೆ, ಜನವರಿ ಕೊನೆ, ಫೆಬ್ರವರಿ ಮೊದಲ ವಾರ ಒಳ್ಳೇದು. ಹೊಲ ಬಯಲಾಗಿರ್ತದ, ಬಿಸಿಲು ಇನ್ನೂ ಏರಿರಲ್ಲ. ಕಲಬುರಗಿಯಿಂದ ಸನ್ನತಿಗೆ ಸುಮಾರು 60 ಕಿಲೋಮೀಟರ್. ರೈಲಿನಲ್ಲಿ ಬರೋರಿಗೆ ಹತ್ತಿರದ ಸ್ಟೇಶನ್ ನಾಲವಾರ, ಅಲ್ಲಿಂದ ಟಂಟಂ ಹಿಡೀಬೇಕು. ಸನ್ನತಿಯಲ್ಲಿ ಮೊದಲು ಚಂದ್ರಲಾಂಬಾ ಗುಡಿ, ಆಮೇಲೆ ಕನಗನಹಳ್ಳಿ. ನೀರು ಜೊತೆಗೇ ಒಯ್ಯಿರಿ, ಸ್ತೂಪದ ಸುತ್ತ ನೆರಳು ಕಡಿಮೆ.